ತಂಪುಕೋಣೆಯಲ್ಲಿ ಮೊಮ್ಮಗಳು

ಪಿಂಚಣಿಯಲ್ಲೇ ಕಡಲೆದುರಿನ ಮನೆ ಸಿಗುವ ದ್ವೀಪದೇಶವದು. ಧಾರವಾಡದಿಂದ ಬಂದ ದಾಕ್ಷಾಯಣಿ, ಚೆನ್ನವೀರಪ್ಪ ದಂಪತಿ ಅಲ್ಲಿ ನೆಲೆಸುವ ಎಲ್ಲರಂತೆ ಸುಡುಸೆಕೆ ತಾಳುವ ಚುಚ್ಚುಮದ್ದು ಹಾಕಿಸಿಕೊಂಡಿದ್ದರು. ಅಂದಿನಿಂದ ತಂಪು ಅವರ ಮೈಗೆ ವಿಷ; ಧಾರವಾಡದ ತಣ್ಣನೆ ಹವೆಗೆ ಮರಳುವಂತಿರಲಿಲ್ಲ.

ಮಗಳು ಸುವರ್ಣಾ ಹಸುಗೂಸಿನೊಂದಿಗೆ ಬಂದಳು. ಹೊರಗಿನ ಬಿಸಿಯನ್ನು ಕೂಸು ತಾಳದು. ಹಾಗಾಗಿ ವಿಮಾನನಿಲ್ದಾಣದ ತಂಪುಕೋಣೆಯ ಗಾಜಿನಾಚೆಯಿಂದಲೇ ತೋರಿಸಿದಳು.

"ನಾ ಒಳಗ ಹೋಗ್ತೀನ್ರಿ," ಎಂದಳು ದಾಕ್ಷಾಯಣಿ.

"ಬ್ಯಾಡ. ಉಸಿರು ಕಟ್ಟತೈತಿ," ಎಂದ ಗಂಡ.

ಆಕೆ ಬಾಗಿಲು ತಳ್ಳಿ ಹೋಗಿ ಕೂಸನ್ನು ಎದೆಗವಚಿಕೊಂಡಳು. ತುಟಿ ನೀಲಿಗಟ್ಟಿತು, ಕಾಲು ಕುಸಿಯತೊಡಗಿದವು.

"ಸಾಕವ್ವಾ, ಹೊರಗ ಹೋಗು!" ಸುವರ್ಣಾ ಅಳುತ್ತಾ ಕೂಸನ್ನು ಬಿಡಿಸಿಕೊಂಡಳು.

ಚೆನ್ನವೀರಪ್ಪ ಹೆಂಡತಿಯನ್ನು ಸುಡುಬಿಸಿಲಿಗೆ ಎಳೆತಂದು ಅಂಗೈ ತಿಕ್ಕಿದ. ಉಸಿರು ಮರಳಿದಾಗ ಆಕೆ ಅಂದಳು:

"ಆ ತಂಪಿನ್ಯಾಗ ಕೂಸೊಂದೇ ಬೆಚ್ಚಗಿತ್ತು ನೋಡ್ರಿ."