ಎದುರಂಗಡಿಯ ಕತ್ತರಿ

ಕೆಂಪು ಛತ್ರಿ ರಸ್ತೆ ದಾಟಿ ನೇರವಾಗಿ ಎದುರಂಗಡಿಗೆ ನುಗ್ಗಿತು. ಟೈಲರ್ ಮಾಸ್ಟರ್ ಹೊಲಿಗೆ ಯಂತ್ರದಿಂದ ಕಾಲು ತೆಗೆದರು. ಐದು ನಿಮಿಷದ ಹಿಂದೆ ಆ ಛತ್ರಿಯ ಒಡತಿ, ಚರ್ಚಿನಲ್ಲಿ ಹಾಡುವ ಕ್ವಾಯರ್ ತಂಡ ನಡೆಸುವ ಟೀಚರಮ್ಮ, ಇಲ್ಲೇ ನಿಂತು ಹನ್ನೆರಡು ಬಿಳಿ ಗೌನುಗಳ ಗಂಟನ್ನು ತೆಗೆದುಕೊಂಡಿದ್ದರು. "ಚೆನ್ನಾಗಿ ಬಂದಿದೆ ಮಾಸ್ಟರ್" ಎಂದೂ ಹೇಳಿದ್ದರು. ಒಂದನ್ನಾದರೂ ಬಿಡಿಸಿ ನೋಡಿರಲಿಲ್ಲ.

ಇದು ಮೂರನೆಯ ಸಲ. ಕಳೆದ ತಿಂಗಳು ಅಂಚೆಯವನು ಹೊಸ ಪ್ಯಾಂಟು ಹಿಡಿದುಕೊಂಡು ಅಲ್ಲಿಗೇ ಹೋಗಿದ್ದ. ಅವನ ಹಿಂದೆ ಔಷಧಿ ಅಂಗಡಿಯವನು. ಅಲ್ಲೇನು ಕೆಲಸ ಎಂದು ಕೇಳಿದರೆ ಇಬ್ಬರೂ ಬಾಯಿಪಾಠ ಮಾಡಿದವರಂತೆ ಒಂದೇ ಉತ್ತರ ಕೊಟ್ಟರು: "ಸುಮ್ನೆ ಮಾತಾಡ್ಸೋಣ ಅಂತ." ಪ್ಯಾಂಟು ಸೊಂಟಕ್ಕೆ ಸರಿಯಾಯಿತೇ ಎಂದದ್ದಕ್ಕೆ ಅಂಚೆಯವನು ನೆಲ ನೋಡುತ್ತ, "ಈಗ ಸರಿಯಾಗಿದೆ ಮಾಸ್ಟರ್" ಎಂದಿದ್ದ.

ಎದುರಂಗಡಿಯವನು ಮಾಸ್ಟರ್ ಕೈಯಲ್ಲೇ ಕೆಲಸ ಕಲಿತವನು. ಏಳು ವರ್ಷ ಇವರ ಪಕ್ಕದಲ್ಲಿ ಕೂತು ಕಾಜ ಹೊಲಿದು, ಒಂದು ದಿನ ರಸ್ತೆಯಾಚೆ ಸ್ವಂತ ಬೋರ್ಡು ಹಾಕಿದ. ಮಾಸ್ಟರ್‌ಗೆ ಅದನ್ನು ಸಹಿಸಲಾಗಲಿಲ್ಲ. ಸಿಕ್ಕವರ ಕಿವಿಗೆಲ್ಲ ಒಂದು ಮಾತು ಹಾಕಿದರು: ಅವನು ಬಟ್ಟೆ ಕದಿಯುತ್ತಾನೆ, ಹುಷಾರು. ಕದ್ದದ್ದನ್ನು ಅವರು ಕಂಡಿರಲಿಲ್ಲ. ಆದರೆ ಹೇಳುತ್ತ ಹೇಳುತ್ತ ಅವರಿಗೇ ಅದು ನಿಜವಾಗಿಬಿಟ್ಟಿತ್ತು. ಎರಡು ವರ್ಷ ಎದುರಂಗಡಿಯಲ್ಲಿ ನೊಣ ಹೊಡೆಯುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

ಈಗ ಅದರ ಸೇಡು ತೀರಿಸಿಕೊಳ್ಳುತ್ತಿದ್ದಾನೆ. ಇಲ್ಲದಿದ್ದರೆ ಪ್ರತಿ ಭಾನುವಾರ ಚರ್ಚಿನಲ್ಲಿ ತಾನಾಗಿ ಬಂದು ಕುಲುಕಲು ಕೈ ಚಾಚುವುದೇಕೆ? ಮೊನ್ನೆ ಪಾದ್ರಿಗಳು ನೆರೆಯವನನ್ನು ಪ್ರೀತಿಸುವುದರ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ನೆರೆಯವನು ಎದುರಿಗೇ ಅಂಗಡಿ ಇಟ್ಟರೆ ಏನು ಮಾಡಬೇಕೆಂದು ಮಾತ್ರ ಹೇಳಲಿಲ್ಲ. ಅವನು ಕೈ ಚಾಚಿದಾಗ ಮಾಸ್ಟರ್ ಜೇಬಿನಲ್ಲಿ ಕರವಸ್ತ್ರ ಹುಡುಕಿದ್ದರು.

ಕ್ವಾಯರ್ ಕೈಬಿಟ್ಟರೆ ಅಂಗಡಿಗೆ ಬೀಗವೇ ಗತಿ. ನಲವತ್ತು ವರ್ಷ ಈ ಕುರ್ಚಿಯಲ್ಲಿ ಕೂತವರಿಗೆ ಬೇರೆಲ್ಲಿ ಕೂರಬೇಕೆಂದು ಗೊತ್ತಿರಲಿಲ್ಲ. ಆ ಯೋಚನೆಗೇ ಅವರಿಗೆ ಭಯವಾಯಿತು.

"ಒಂದ್ಸಲ ಹೋಗಿ ನೋಡ್ಕೊಂಡು ಬರ್ತೀನಿ" ಎಂದು ಎದ್ದರು.

ಹೆಂಡತಿ ಮೂಲೆಯಲ್ಲಿ ಕೂತು ಸೂಜಿಗಳಿಗೆ ದಾರ ಪೋಣಿಸುತ್ತಿದ್ದಳು. ಈಚೀಚೆಗೆ ಬರುವ ದಾರವೇ ಸರಿಯಿಲ್ಲ, ಬಲ್ಬುಗಳೂ ಮಂಕು ಎಂದು ಮಾಸ್ಟರ್ ಗೊಣಗಲು ಶುರುಮಾಡಿದ ಮೇಲೆ ಅದು ಅವಳ ಪಾಲಿನ ಕೆಲಸವಾಗಿತ್ತು.

"ಬೇಡ ರೀ. ನಮ್ಮ ಪಾಡಿಗೆ ನಾವಿರೋಣ."

"ಯಾಕೆ? ರಸ್ತೆ ದಾಟೋಕೂ ನಿನ್ನ ಅಪ್ಪಣೆ ಬೇಕಾ?"

"ಹಾಗಲ್ಲ. ಅಲ್ಲಿ ಹೋಗಿ ನೀವು ನೋಡೋದಾದ್ರೂ ಏನಿದೆ?"

"ಇದೆಯೋ ಇಲ್ಲವೋ, ನನ್ನ ಕಣ್ಣಾರೆ ನೋಡ್ತೀನಿ."

ಹೆಂಡತಿ ತಟ್ಟನೆ ಮುಖ ತಿರುಗಿಸಿಕೊಂಡಳು. ಕಟ್ಟಿಕೊಂಡವಳೂ ಆ ಕಡೆಯೇ ಸೇರಿದ್ದಾಳೆ ಎಂದು ಮಾಸ್ಟರ್‌ಗೆ ಖಾತ್ರಿಯಾಯಿತು. ಕೊರಳಿಗೆ ಅಳತೆ ಟೇಪು ಜೋತುಬಿಟ್ಟುಕೊಂಡೇ ಹೊರಟರು.

ಎದುರಂಗಡಿಯ ಬಾಗಿಲಿಗೆ ಪರದೆ ಎಳೆದಿತ್ತು. ಹಾಡಹಗಲಲ್ಲಿ ದರ್ಜಿಯೊಬ್ಬ ಬೆಳಕು ಬೇಡ ಎನ್ನುವುದು ಯಾವ ಘನಕಾರ್ಯಕ್ಕೆ? ಮಾಸ್ಟರ್ ಪರದೆಗೆ ಕಿವಿಗೊಟ್ಟು ನಿಂತರು. ಒಳಗೆ ಮೇಜಿನ ಮೇಲೆ ಕತ್ತರಿ ಓಡುತ್ತಿತ್ತು. ಬಟ್ಟೆಯನ್ನು ಉದ್ದಕ್ಕೆ ಸೀಳುವ ಆ ಸದ್ದನ್ನು ಅವರು ನಿದ್ದೆಯಲ್ಲೂ ಗುರುತಿಸಬಲ್ಲರು. ಹೊಲಿದು ಮುಗಿಸಿದ ಗೌನುಗಳಿಗೆ ಇನ್ನು ಕತ್ತರಿಯ ಕೆಲಸವೇನು? ಅದು ನಿಂತಿತು. ಮತ್ತೆ ಓಡಿತು. ಮತ್ತೆ ಇನ್ನೊಂದು ತುಂಡು.

ಕಳ್ಳ ಕೊನೆಗೂ ಸಿಕ್ಕಿಬಿದ್ದಿದ್ದ. ಇಷ್ಟು ವರ್ಷ ತಾವು ಹೇಳಿಕೊಂಡು ಬಂದದ್ದು ಸುಳ್ಳಾಗಲಿಲ್ಲ ಎಂದು ಮಾಸ್ಟರ್‌ಗೆ ಸಂತೋಷವೇ ಆಯಿತು. ಟೀಚರಮ್ಮನ ಮುಂದೆಯೇ ಅವನ ನೀರಿಳಿಸಬೇಕೆಂದು ಪರದೆಗೆ ಕೈ ಹಾಕಿದರು.

ಅಷ್ಟರಲ್ಲಿ ಟೀಚರಮ್ಮನ ದನಿ ಕೇಳಿಸಿತು. "ಹನ್ನೆರಡು ಗೌನಿಗೂ ಎರಡೆರಡು ಎಡತೋಳೇ ಇಟ್ಟಿದ್ದಾರಲ್ಲಪ್ಪಾ. ಬಲತೋಳಿಗೆ ಬಟ್ಟೆ ಎಲ್ಲಿಂದ ತರ್ತೀಯಾ?"

"ನನ್ನ ಅಂಗಡಿಯ ಬಟ್ಟೆ ಥಾನಿನಿಂದಲೇ ಕತ್ತರಿಸ್ತಿದ್ದೀನಿ ಟೀಚರ್. ಮಾಸ್ಟರ್‌ಗೆ ಕಣ್ಣು ಕಾಣಿಸಲ್ಲ ಅನ್ನೋದು ಮಾತ್ರ ನಮ್ಮ ಬಾಯಿಂದ ಹೊರಗೆ ಬರೋದು ಬೇಡ."