ರಾಜಿಯ ವಡೆ

ಟೈಪಿಸ್ಟ್ ಗೋದಾಳ ಬಲಗೈ ಬೆರಳುಗಳಿಂದ ರಕ್ತ ತೊಟ್ಟಿಕ್ಕುತ್ತಿರುವಾಗಲೇ ಶಿರಸ್ತೇದಾರ ತಿರುನಾರಾಯಣರು ಮದ್ದೂರು ವಡೆಯೊಂದನ್ನು ಎರಡು ಹೋಳು ಮಾಡಿದರು. ಆ ಕಚೇರಿಯಲ್ಲಿ ಯಾರೇ ಕಿತ್ತಾಡಲಿ, ಒಂದೇ ವಡೆ ಹಂಚಿಕೊಂಡು ತಿಂದರೆ ಜಗಳ ರಾಜಿಯಾದಂತೆ.

"ಈ ನಿಂಗಯ್ಯ ಬೇಕೂಂತಲೇ ಬೀರು ಬಾಗಿಲನ್ನ ನನ್ನ ಕೈಮೇಲೆ ಬಡಿದ ಸಾರ್. ಅವನ ಕಾಗದ ಆಮೇಲೆ ಟೈಪ್ ಮಾಡ್ತೀನಿ ಅಂದಿದ್ದಕ್ಕೆ! ಬೆರಳು ಹೋದ್ರೆ ನನ್ನ ಕೆಲಸಾನೂ ಹೋಯ್ತು. ಪೊಲೀಸ್‌ನೋರನ್ನ ಕರೆಸಿ."

"ಕಚೇರಿಯೊಳಕ್ಕೆ ಪೊಲೀಸಾ? ಮಾನ ಹೋಗತ್ತಮ್ಮ. ತಗೋ, ತಿನ್ನು."

ಗುಮಾಸ್ತೆ ನಿಂಗಯ್ಯ ತನ್ನ ಹೋಳನ್ನು ಆಗಲೇ ಬಾಯಿಗೆ ತುಂಬಿಕೊಂಡಿದ್ದ. "ತಕ್ಕಳಿ ಗೋದಮ್ನೋರೆ, ಗರಿಗರಿ ಐತೆ. ಬೆರಳಿಲ್ದಿದ್ರೂ ವಡೆ ನುಂಗ್ಬೋದು" ಎಂದು ಕಿಸಕ್ಕನೆ ನಕ್ಕ.

ಗೋದಾ ಎಡಗೈಯಲ್ಲಿ ಮೇಜಿನ ಮೇಲಿನ ರೂಲುದೊಣ್ಣೆ ಎತ್ತಿ, ವಡೆ ಹಿಡಿದು ಚಾಚಿದ್ದ ಶಿರಸ್ತೇದಾರರ ಬೆರಳುಗಳ ಮೇಲೆ ಬಲವೆಲ್ಲ ಹಾಕಿ ಬಾರಿಸಿದಳು. ಮೂಳೆ ಲಟಕ್ಕೆಂದಿತು. ನಿಂಗಯ್ಯನ ಅಗಿಯುವ ಬಾಯಿ ಅಲ್ಲೇ ನಿಂತಿತು.

"ಅಯ್ಯಯ್ಯೋ, ಕೈ ಮುರಿದ್ಲು! ಯಾರಾದ್ರೂ ಓಡ್ರೋ, ಪೊಲೀಸ್‌ನೋರನ್ನ ಕರ್ಕೊಂಡು ಬನ್ರೋ!" ತಿರುನಾರಾಯಣರು ಕೈ ಅವುಚಿಕೊಂಡು ಚೀರಿದರು.

ಗೋದಾ ದೊಣ್ಣೆ ಕೆಳಗಿಟ್ಟು ಕುರ್ಚಿ ಎಳೆದುಕೊಂಡು ಕೂತಳು.

"ಬರಲಿ ಸಾರ್," ಎಂದಳು. "ಬೇಗ ಬರಲಿ."