ಬರ್ತೀನಿ ಸಾರ್

ನಮ್ಮ ಗಾರ್ಮೆಂಟ್ಸಿನ ಮ್ಯಾನೇಜರ್ ಇರುವುದು ಚಂದ್ರನ ಮೇಲೆ. ಅವರಿಗೆ ಕನ್ನಡ ಬಾರದು. ಬಾಗಿಲ ಪಕ್ಕದ ಯಂತ್ರ ನಮ್ಮ ಮಾತನ್ನು ಅವರ ಭಾಷೆಗೆ ತಿರುಗಿಸಿ ಕಳಿಸುತ್ತದೆ. ಸಂಜೆ ಆರಕ್ಕೆ ಮೊದಲು ಅವರು ಒಪ್ಪದೆ ಬಾಗಿಲು ತೆರೆಯುವುದಿಲ್ಲ.

ಅಂದು ಮಧ್ಯಾಹ್ನ ಆಸ್ಪತ್ರೆಯಿಂದ ಜವರಕ್ಕನಿಗೆ ಫೋನ್ ಬಂತು. ಮಗಳ ಹೆರಿಗೆ ಕಷ್ಟವಾಗಿದೆ, ಆಪರೇಷನ್ನಿಗೆ ಸಹಿ ಹಾಕಲು ಬೇಗ ಬನ್ನಿ.

“ಬರ್ತೀನಿ ಸಾರ್!” ಜವರಕ್ಕ ಯಂತ್ರದ ಮುಂದೆ ಮೂರು ಸಲ ಕೂಗಿದಳು. ಬಾಗಿಲು ಅಲುಗಲಿಲ್ಲ.

“ಆ ಮೂದೇವಿ ಅಲ್ಲಿ ಬದುಕವ್ನೋ ಇಲ್ವೋ?” ಎಂದಳು ಪಕ್ಕದ ಮೆಷಿನ್ನಿನ ನಿಂಗಿ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಯಂತ್ರದ ಪರದೆಯ ಮೇಲೆ ಕನ್ನಡದಲ್ಲಿ ಬಂದ ಅವರ ಉತ್ತರವನ್ನು ಅಕ್ಷರ ಕೂಡಿಸಿಕೊಂಡು ಓದಿದೆ: ‘ಜವರಮ್ಮ ಬರುತ್ತಿದ್ದಾರೆ. ಕಾಯುತ್ತಿದ್ದೇವೆ.’

“ಅಕ್ಕ, ಹೋಗ್ತೀನಿ ಅನ್ನು.”

“ಹೆರಿಗೆಗೆ ಹೊಂಟಾಗ ಹಂಗಂತಾರೇನೆ? ಬಿಡ್ತು ಅನ್ನು!”

ಯಂತ್ರದ ಮುಂದೆ ಎಂದೂ ಬಾಯಿ ಬಿಡದ ನಾನು ಹತ್ತಿರ ಹೋದೆ. “ಜವರಮ್ಮ ಹೋಗ್ತಾರೆ ಸಾರ್.” ಆಮೇಲೆ ಮನಸ್ಸಿನಲ್ಲೇ ಬಿಡ್ತು ಅಂದುಕೊಂಡೆ.

ಬಾಗಿಲು ತೆರೆಯಿತು. ಜವರಕ್ಕ ಓಡಿದಳು. ಹೊಸ್ತಿಲು ದಾಟಿ ಒಮ್ಮೆ ತಿರುಗಿ, “ಬರ್ತೀನಿ ಕಣೆ” ಎಂದಳು.

ಯಂತ್ರ ಅದನ್ನೂ ಕೇಳಿಸಿಕೊಂಡಿತು. ಬಾಗಿಲು ಮುಚ್ಚಲೇ ಇಲ್ಲ, ಅವಳ ದಾರಿ ಕಾಯುತ್ತಾ ನಿಂತಿತು.